ಬಿಡುಗಡೆಗೆ ಮೊದಲಿನ ನಲವತ್ತು ನಿಮಿಷ

"ಮೂಗಿನ ಒಳಮೈಗೆ ಹಾಕಿದ ಬೆಸುಗೆಗಳು ಹಾರಾಟದಲ್ಲಿ ಎದ್ದವು, ಆದ್ದರಿಂದ ತಾಪದ ಅಳತೆ ಸುಳ್ಳಾಯಿತು, ಆದ್ದರಿಂದ ಎಂಜಿನ್ ಅಕಾಲದಲ್ಲಿ ನಿಂತಿತು." ನಮ್ಮ ರಾಕೆಟ್ ವಿಮಾನದ ಮೂರನೆಯ ಹಾರಾಟದ ಬಗ್ಗೆ ವರದಿಯ ಮೊದಲ ಪುಟ ಇಷ್ಟನ್ನೇ ಹೇಳುತ್ತದೆ. ಓದಿದವರು ಅಲ್ಲಿಗೇ ನಿಲ್ಲುತ್ತಾರೆ, ಓದದವರು ಕೇಳಿದ್ದನ್ನು ನಂಬುತ್ತಾರೆ. ಈ ವರ್ಷ ಲಂಡನ್ನಿನ ಕ್ರೋಯ್ಡನ್‌ನ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮವರ ಯುಗಾದಿ ಊಟಕ್ಕೆ ಕುಳಿತಿದ್ದಾಗ, ಬೆಳಗಾವಿ ಕಡೆಯ ಗೃಹಸ್ಥರೊಬ್ಬರು ಎಲೆಯ ಮೇಲಿಂದ ತಲೆಯೆತ್ತಿ ಕೇಳಿದರು: "ನಿಮ್ಮ ಕಂಪನಿಯಾಗ ಯಾರೋ ಹೆಣ್ಮಗಳ ಬೆಸುಗಿ ಬಿಟ್ಟು ವಿಮಾನ ಸಮುದ್ರಕ್ಕ ಹೋತಂತಲ್ಲ, ಖರೇ ಏನ್ರಿ?"

"ಖರೇ ಅಲ್ಲರಿ" ಎಂದೆ.

"ಹೌದೇನು?" ಎಂದು ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ನನ್ನ ಉತ್ತರ ಒಂದು ಹೋಳಿಗೆಯ ಅವಧಿಯಲ್ಲಿ ಮುಗಿಯುವಂಥದ್ದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪದವೀಧರನಲ್ಲ. ತಾಪವನ್ನು ಅಳೆಯುವ ವಿದ್ಯೆಯನ್ನು ಗ್ರಂಥಾಲಯಗಳ ಹಳೆಯ ಕೈಪಿಡಿಗಳಿಂದಲೂ ಸುಟ್ಟುಕೊಂಡ ಬೆರಳುಗಳಿಂದಲೂ ಕಲಿತವನು. ಆ ಹಾರಾಟದ ವರ್ಷ ನನಗೆ ಎಪ್ಪತ್ತೊಂದು. ವಾರಕ್ಕೆ ಮೂರು ದಿನ ಪಾರ್ಕ್ ರಾಯಲ್‌ನ ಶೆಡ್ಡಿಗೆ ಹೋಗುತ್ತಿದ್ದೆ. ಒಂದು ಬದಿಗೆ ಬ್ರೆಡ್ಡಿನ ಕಾರ್ಖಾನೆ, ಇನ್ನೊಂದು ಬದಿಗೆ ಹೆಪ್ಪುಗಟ್ಟಿಸಿದ ಮೀನಿನ ಗೋದಾಮು. ನಡುವೆ ಶಬ್ದದ ಐದು ಪಟ್ಟು ವೇಗದಲ್ಲಿ ಹಾರಬೇಕಾದ ಯಂತ್ರ. ಅದರಲ್ಲಿ ಮನುಷ್ಯರು ಕೂರುವುದಿಲ್ಲ. ಉದ್ದ ಮೂರಾಳಿನಷ್ಟು. ತಾಯಿವಿಮಾನವೊಂದು ಅದನ್ನು ಹೊಟ್ಟೆಯಡಿಯಲ್ಲಿ ಹೊತ್ತು, ದೂರದ ಸಾಗರದ ಮೇಲಿನ ಪರೀಕ್ಷಾ ವಲಯದಲ್ಲಿ ಎತ್ತರಕ್ಕೆ ಒಯ್ದು ಬಿಡುತ್ತದೆ. ಬಿಟ್ಟ ಮೇಲೆ ರಾಕೆಟ್ ಹೊತ್ತಿಕೊಳ್ಳುತ್ತದೆ.

ಆ ವೇಗದಲ್ಲಿ ಗಾಳಿಯೇ ಬೆಂಕಿ. ಮೂಗಿನ ಲೋಹದ ಹೊದಿಕೆ ಎಷ್ಟು ಕಾಯಬಹುದು ಎಂಬುದಕ್ಕೆ ಒಂದು ಮಿತಿ ಇತ್ತು. ಅದನ್ನು ಕಾಯಲು ಹೊದಿಕೆಯ ಒಳಮೈಯಲ್ಲಿ ಮೂರು ತರ್ಮೋಕಪಲ್‌ಗಳು. ತರ್ಮೋಕಪಲ್ ಎಂದರೆ ಎರಡು ಬೇರೆ ಮಿಶ್ರಲೋಹಗಳ ತಂತಿಗಳ ತುದಿಯನ್ನು ಕೂಡಿಸಿ ಬೆಸೆದದ್ದು. ಕೂಡಿದ ತುದಿ ಕಾದಷ್ಟೂ ಮತ್ತೊಂದು ತುದಿಯಲ್ಲಿ ಅತಿಸಣ್ಣ ವಿದ್ಯುತ್ ಒತ್ತಡ ಹುಟ್ಟುತ್ತದೆ, ಅದನ್ನು ಡಿಗ್ರಿಗಳಾಗಿ ಓದುತ್ತೇವೆ. ಮೂರರಲ್ಲಿ ಎರಡು ಮಿತಿ ಮೀರಿದವೆಂದು ಹೇಳಿದರೆ ವಿಮಾನದ ಗಣಕ ಎಂಜಿನ್ನನ್ನು ನಿಲ್ಲಿಸಿಬಿಡುತ್ತದೆ.

ಆ ಮೂರನ್ನೂ ಬೆಸೆದವಳು ವಿಜಯಪುರದ ಕಡೆಯ ಹೆಣ್ಣುಮಗಳು. ಸೂಕ್ಷ್ಮದರ್ಶಕದ ಕೆಳಗೆ ಕೂದಲಿನಷ್ಟು ತಂತಿಯನ್ನು ಉಸಿರು ಹಿಡಿದು ಲೋಹಕ್ಕೆ ಅಂಟಿಸುವ ಕೈ ಅವಳದು. ತನ್ನ ಬೆಸುಗೆ ಹಾರಾಟಕ್ಕೆ ಯೋಗ್ಯವೆಂದು ತಾನೇ ಸಹಿ ಹಾಕುವ ಅಧಿಕಾರ ನಮ್ಮ ಶೆಡ್ಡಿನಲ್ಲಿ ಅವಳಿಗೊಬ್ಬಳಿಗೇ ಇತ್ತು. ಅವಳ ಹುದ್ದೆ ಆ ಸಹಿಯ ಮೇಲೆ, ವೀಸಾ ಆ ಹುದ್ದೆಯ ಮೇಲೆ ನಿಂತಿತ್ತು. ಅವಳ ಬೆಸುಗೆಯಿಂದಾಚೆಗಿನ ಕೆಲಸ ನನ್ನದು. ಸಂವೇದಕದ ತಂತಿಗಳನ್ನು ದ್ರವ ಆಮ್ಲಜನಕದ ತೊಟ್ಟಿಯ ಪಕ್ಕದ ಗೋಡೆಯಲ್ಲಿರುವ ಕನೆಕ್ಟರಿಗೆ ತಂದು, ಅಲ್ಲಿಂದ ಮುಂದುವರಿಕೆಯ ತಂತಿ ಹಚ್ಚಿ, ಹಿಂಬದಿಯ ದಾಖಲೆ ಪೆಟ್ಟಿಗೆಗೆ ಮುಟ್ಟಿಸುವುದು. ಆ ಜೋಡಣೆಗೆ ಸಹಿ ಹಾಕುವವನೂ ನಾನೇ.

ಹಾರಾಟದ ದಿನ ತಂಡದ ಬಹುಪಾಲು ಪರೀಕ್ಷಾ ವಲಯದಲ್ಲಿತ್ತು. ಶೆಡ್ಡಿನಲ್ಲಿ ಉಳಿದವರು ಅವಳು, ನಾನು, ಮತ್ತು ಹಾರಾಟದ ಅಂಕಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಇಂಜಿನಿಯರ್. ಪರದೆಯ ಮೇಲೆ ಮೂರು ಹಸಿರು ಪಟ್ಟಿಗಳು. ಬಿಡುಗಡೆಯಾಯಿತು, ರಾಕೆಟ್ ಹೊತ್ತಿತು. ಮೂವತ್ತನಾಲ್ಕು ಸೆಕೆಂಡು ಉರಿಯಬೇಕಿತ್ತು. ಹತ್ತೊಂಬತ್ತನೆಯದರಲ್ಲಿ ಮೂರೂ ಪಟ್ಟಿಗಳು ಒಟ್ಟಿಗೆ ಕೆಂಪಾದವು. ಎಂಜಿನ್ ನಿಂತಿತು. ಸ್ಪೀಕರಿನಲ್ಲಿ ಯಾರೋ ಅದೇ ಸಮಾಧಾನದ ದನಿಯಲ್ಲಿ ಸೆಕೆಂಡುಗಳನ್ನು ಎಣಿಸುತ್ತಲೇ ಇದ್ದರು. ನಿಲ್ಲಿಸಲು ಅವರಿಗೆ ಯಾರೂ ಹೇಳಿರಲಿಲ್ಲ. ಯಂತ್ರ ಸಾಗರಕ್ಕೆ ಬಿತ್ತು. ಅಲ್ಲಿಂದ ಒಂದು ತಿರುಪು ಕೂಡ ಸಿಗಲಿಲ್ಲ; ಉಳಿದದ್ದು ರೇಡಿಯೊದಲ್ಲಿ ಬಂದ ಅಂಕಿಗಳು ಮಾತ್ರ.

ಪರಿಶೀಲನಾ ಸಭೆ ಸ್ಟ್ರಾಟ್‌ಫರ್ಡ್‌ನ ಗಾಜಿನ ಕಟ್ಟಡದಲ್ಲಿ ನಡೆಯಿತು. ಸಮಿತಿಯ ತರ್ಕ ಸರಳವಾಗಿತ್ತು. ಲೆಕ್ಕಾಚಾರದ ಪ್ರಕಾರ ಆ ಕ್ಷಣಕ್ಕೆ ಮೂಗು ಅಷ್ಟು ಕಾದಿರಲು ಸಾಧ್ಯವಿಲ್ಲ. ಆದ್ದರಿಂದ ಸಂವೇದಕಗಳು ಸುಳ್ಳು ಹೇಳಿವೆ. ಮೂರೂ ಒಂದೇ ಕೈಯ ಕೆಲಸ. ಆ ಕೈಯ ವಿಧಾನದಲ್ಲೇ ದೋಷ. ನಾನು ಕೈಯೆತ್ತಿದೆ. ಬೆಸುಗೆ ಹೊದಿಕೆಯಿಂದ ಎದ್ದರೆ ಬಿಸಿ ತಲುಪುವುದು ತಡವಾಗುತ್ತದೆ, ಅಳತೆ ಕಡಿಮೆ ಬರಬೇಕು, ಹೆಚ್ಚಲ್ಲ ಎಂದೆ. ಹಾರಾಟ ನಿರ್ದೇಶಕರು ಸೌಜನ್ಯದ ಇಂಗ್ಲಿಷ್ ಮನುಷ್ಯ. "ಸಡಿಲವಾದ ಕೂಡಿಕೆ ಏನನ್ನು ಬೇಕಾದರೂ ತೋರಿಸಬಹುದು" ಎಂದರು. ಮೂರೂ ಸಡಿಲವಾಗಿ ಮೂರೂ ಒಂದೇ ಸುಳ್ಳು ಹೇಳುವುದು ಹೇಗೆಂದು ಕೇಳಿದೆ. ಸಭೆಗೆ ಊಟದ ವೇಳೆಯಾಗಿತ್ತು. ಅವಳ ಸಹಿಯ ಅಧಿಕಾರವನ್ನು ತಡೆಹಿಡಿದರು. ತಿಂಗಳ ನಂತರದ ಎರಡನೆಯ ಸಭೆಯಲ್ಲಿ ಅಂತಿಮ ತೀರ್ಮಾನ.

ಸ್ಟೇಷನ್ನಿನ ಮೆಟ್ಟಿಲ ಬಳಿ ಅವಳು ನಿಂತಳು. "ಕಾಕಾ, ಅದ ತಗಡಿನ ಚೂರಿನ ಮ್ಯಾಲ ನಾ ಹಾಕಿದ ಹನ್ನೆರಡು ಬೆಸುಗಿ ಜಗ್ಗಿ ಜಗ್ಗಿ ನೋಡ್ಯಾರ. ತಂತಿ ಹರಿದೈತಿ, ಬೆಸುಗಿ ಬಿಟ್ಟಿಲ್ಲ. ಅದನ್ನ ಯಾರೂ ಕೇಳಲಿಲ್ಲಲ್ರಿ."

"ನಾ ಕೇಳ್ತೀನಿ ತಂಗಿ."

"ನೀವು ಎಲ್ಲಾನೂ ಕೇಳ್ತೀರಿ. ಅದಕ್ಕ ನಿಮ್ಮ ಮಾತು ಯಾರೂ ಕೇಳಂಗಿಲ್ಲ" ಎಂದು ನಕ್ಕಳು. ಸುಳ್ಳಲ್ಲ. ಟ್ಯೂಬ್ ನಕ್ಷೆಯಿಂದ ಹಿಡಿದು ನನ್ನ ಡಾಕ್ಟರು ಬರೆದ ಮಾತ್ರೆಯವರೆಗೆ ನಾನು ಜಗಳವಾಡದ ಹೇಳಿಕೆ ಇಲ್ಲ.

ಮರುವಾರ ಬೆಂಗಳೂರಿನ ಇಂಜಿನಿಯರಿಂದ ಆ ಮೂರು ಸಂವೇದಕಗಳ ಅಂಕಿಗಳನ್ನು ಕೇಳಿ ಪಡೆದೆ. ನನ್ನ ಫ್ಲ್ಯಾಟಿನಲ್ಲಿ ನಾಲ್ವರು ಕೂರುವ ಊಟದ ಮೇಜಿದೆ. ಮೂರು ಕುರ್ಚಿಗಳ ಮೇಲೆ ಕೈಪಿಡಿಗಳ ರಾಶಿ. ಹೆಂಡತಿ ತೀರಿಕೊಂಡ ಮೇಲೆ ಅವು ಒಂದೊಂದಾಗಿ ತುಂಬಿದವು. ಭಾನುವಾರವೆಲ್ಲ ಕಾಗದಗಳನ್ನು ಹರಡಿಕೊಂಡು ಕುಳಿತೆ. ಕೆಳಗೆ ಟ್ರಾಮ್ ಹೋದಾಗಲೆಲ್ಲ ಗಾಜು ಸಣ್ಣಗೆ ನಡುಗುತ್ತಿತ್ತು. ಸಂಜೆಗೆ ಗಮನಿಸಿದೆ: ಪ್ರತಿ ರೇಖಾಚಿತ್ರವೂ ಬಿಡುಗಡೆಯ ಕ್ಷಣದಿಂದ, ಸೊನ್ನೆಯಿಂದ, ಆರಂಭವಾಗುತ್ತದೆ. ಅದಕ್ಕೆ ಮೊದಲು ತಾಯಿವಿಮಾನದಡಿಯಲ್ಲಿ ನಲವತ್ತು ನಿಮಿಷ ಯಂತ್ರ ಎಚ್ಚರವಾಗಿಯೇ ಇತ್ತು, ದಾಖಲೆಯೂ ನಡೆದಿತ್ತು.

"ಸರ್, ಅದನ್ನ ಯಾರೂ ನೋಡಲ್ಲ" ಎಂದರು ಇಂಜಿನಿಯರ್. "ಡ್ರಾಪ್ ಆದ್ಮೇಲೆ ತಾನೇ ಫ್ಲೈಟು? ಅದಕ್ಕೆ ಮುಂಚೆ ಸುಮ್ನೆ ನೇತಾಡ್ಕೊಂಡಿರತ್ತೆ."

"ನೇತಾಡೋದನ್ನ ನನಗ ಕೊಡ್ರಿ."

"ಕೊಡ್ತೀನಿ. ಆದ್ರೆ ಫೈಲ್ ಕಳಿಸಿದ್ಮೇಲೆ ದಿನಕ್ಕೆ ಒಂದೇ ಸಲ ಫೋನ್ ಮಾಡಿ, ಆಯ್ತಾ?"

ಆ ನಲವತ್ತು ನಿಮಿಷಗಳಲ್ಲಿ ನಾನು ಹುಡುಕುತ್ತಿದ್ದುದು ಇತ್ತು. ನೆಲದಲ್ಲಿದ್ದಾಗ ಮೂರೂ ಸರಿಯಾದ ತಾಪ ತೋರಿಸುತ್ತಿದ್ದವು. ತೊಟ್ಟಿಗೆ ದ್ರವ ಆಮ್ಲಜನಕ ತುಂಬಿದ ಮೇಲೆ, ಮೇಲೇರುತ್ತ ಹೋದಂತೆ, ಮೂರೂ ನಿಧಾನವಾಗಿ ಏರಿದ್ದವು. ಹೊರಗಿನ ಗಾಳಿ ಸೊನ್ನೆಗಿಂತ ಬಹಳ ಕೆಳಗೆ, ಮೂಗು ಕೊರೆಯಬೇಕಿತ್ತು, ಆದರೆ ಅಳತೆ ನಲವತ್ತೈದು ಡಿಗ್ರಿ, ನಮ್ಮ ಕಲಬುರಗಿಯ ಬೇಸಿಗೆ. ನಿಯಂತ್ರಣ ಕೊಠಡಿಯವರಿಗೆ ಅದು ಕಾಣದಿದ್ದುದು ಏಕೆಂದರೆ ಪರದೆಯ ಪಟ್ಟಿ ಅಂಕಿಯನ್ನು ತೋರಿಸುವುದಿಲ್ಲ, ಬಣ್ಣವನ್ನು ತೋರಿಸುತ್ತದೆ. ಆರುನೂರರ ಮಿತಿಯ ಕೆಳಗೆ ಎಲ್ಲವೂ ಹಸಿರು.

ಸುಳ್ಳು ಹುಟ್ಟಿದ್ದು ಬಿಸಿಯಿಂದಲ್ಲ, ಚಳಿಯಿಂದ. ಆ ತಂತಿಗಳ ಸಾಲಿನಲ್ಲಿ ಆಮ್ಲಜನಕದ ತೊಟ್ಟಿಯ ಚಳಿ ತಾಗುವ ಜಾಗ ಒಂದೇ: ಗೋಡೆಯ ಕನೆಕ್ಟರ್. ಅದರೊಳಗೆ ತೇವ ಹೊಕ್ಕು ಹೆಪ್ಪುಗಟ್ಟಿರಬೇಕು ಎಂದು ಊಹಿಸಿದೆ. ಕನೆಕ್ಟರನ್ನು ಹೊರಗಿನ ಕಂಪನಿಯೊಂದು ಮಾಡಿಕೊಟ್ಟಿತ್ತು. ನನ್ನ ಸಂಶಯಕ್ಕೆ ಹೊರಗಿನವರು ಸಿಕ್ಕಿದ್ದರಿಂದ ಅಂದು ಚೆನ್ನಾಗಿ ನಿದ್ರೆ ಬಂತೆಂದು ಒಪ್ಪಿಕೊಳ್ಳಬೇಕು.

ಊಹೆಯನ್ನು ಪರೀಕ್ಷೆಗೆ ಒಡ್ಡಲು ಮಾದರಿಯೊಂದನ್ನು ಕಟ್ಟಿದೆ. ಅದೇ ಜಾತಿಯ ಸಂವೇದಕ, ಉಳಿದಿದ್ದ ಒಂದು ಕನೆಕ್ಟರ್, ಅದೇ ಸುರುಳಿಯ ಮುಂದುವರಿಕೆಯ ತಂತಿ, ಅದೇ ಬಗೆಯ ಪೆಟ್ಟಿಗೆ. ಸಂವೇದಕದ ತುದಿಯನ್ನು ಸ್ಟೀಲಿನ ಲೋಟದ ನೀರಿನಲ್ಲಿ ಮುಳುಗಿಸಿ ಪಕ್ಕದಲ್ಲೇ ಗಾಜಿನ ಉಷ್ಣಮಾಪಕ ಇಟ್ಟೆ. ಕನೆಕ್ಟರನ್ನು ಮೀನಿನ ಗೋದಾಮಿನವರು ಕೊಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ ಕೂರಿಸಿದೆ. ಅವರೇ ಕೊಟ್ಟ ಡ್ರೈ ಐಸ್ ಸುತ್ತ ತುಂಬಿದೆ. ಬೆಸುಗೆಯಾಕೆ ಗಡಿಯಾರ ಹಿಡಿದು ಬರೆದುಕೊಳ್ಳುತ್ತಿದ್ದಳು. ಸಹಿಯ ಅಧಿಕಾರ ಹೋದ ಮೇಲೆ ಅವಳಿಗೆ ಬೇರೆ ಕೆಲಸ ಕೊಟ್ಟಿರಲಿಲ್ಲ.

ಲೋಟದ ನೀರು ಇಪ್ಪತ್ತೊಂದು ಡಿಗ್ರಿ. ಪೆಟ್ಟಿಗೆಯ ಅಳತೆ ಇಪ್ಪತ್ತೊಂದು. ಹತ್ತು ನಿಮಿಷಕ್ಕೆ ಅಳತೆ ಐವತ್ತು ದಾಟಿತು. ನೀರು ಇಪ್ಪತ್ತೊಂದರಲ್ಲೇ ಇತ್ತು.

"ಬಂತು ನೋಡ!" ಎಂದು ಕೂಗಿದೆ. ಕನೆಕ್ಟರನ್ನು ಬಿಚ್ಚಿದೆ. ಒಳಗೆ ಪೂರಾ ಒಣಗಿತ್ತು. ಬಿಸಿಗಾಳಿಯಲ್ಲಿ ಒಣಗಿಸಿ, ಮುಚ್ಚಿ, ಮತ್ತೆ ಚಳಿಗೆ ಇಟ್ಟೆ. ಮತ್ತೆ ಅದೇ ಏರಿಕೆ. ಎರಡನೆಯ ದಿನ ಇನ್ನೊಂದು ಕನೆಕ್ಟರ್ ತಂದೆ. ಅದೇ. ಮೂರನೆಯ ದಿನ ಕನೆಕ್ಟರನ್ನೇ ತೆಗೆದು ತಂತಿಗಳನ್ನು ನೇರವಾಗಿ ಹೊಸೆದು ಇಟ್ಟೆ. ಆಗಲೂ ಅದೇ. ತೇವವೂ ಇಲ್ಲ, ಕನೆಕ್ಟರೂ ಇಲ್ಲ. ಸುಳ್ಳು ಮಾತ್ರ ಇದೆ. ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಅವಳು ಮಾದರಿಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ ಪೆನ್ನಿನ ತುದಿಯಿಂದ ತೋರಿಸಿದಳು.

"ಕಾಕಾ, ಈ ಕೆಂಪ ತಂತಿ ಎಲ್ಲಿ ಹಚ್ಚೀರಿ?"

"ಧನಕ್ಕ, ಪ್ಲಸ್ಸಿಗೆ."

"ಈ ಕಡೀಗೂ?"

"ಈ ಕಡೀಗೂ ಧನಕ್ಕ. ಮತ್ತ?"

ಅವಳು ಪೆನ್ನಿನ ತುದಿಯನ್ನು ಪಕ್ಕದ ಹಳದಿ ತಂತಿಗೆ ಸರಿಸಿದಳು. ಆಗ ನನಗೆ ಗೊತ್ತಾಯಿತು.

ಓದುಗರಿಗೆ ಇದನ್ನು ವಿವರಿಸಬೇಕು. ಮುಂದುವರಿಕೆಯ ತಂತಿಗಳೂ ಆ ಎರಡು ಮಿಶ್ರಲೋಹಗಳವೇ. ಪ್ರತಿಯೊಂದೂ ತನ್ನ ಜಾತಿಯದಕ್ಕೇ ಕೂಡಬೇಕು. ನಮ್ಮ ಸಂವೇದಕದ ತಂತಿಗಳು ಹಸಿರು, ಬಿಳಿ; ಹಸಿರು ಧನ, ಬಿಳಿ ಋಣ. ಆ ಬಾರಿ ಬಂದ ಮುಂದುವರಿಕೆಯ ಸುರುಳಿ ಅಮೆರಿಕದ ಪದ್ಧತಿಯದು: ಹಳದಿ, ಕೆಂಪು. ಆ ಪದ್ಧತಿಯಲ್ಲಿ ಕೆಂಪು ಎಂದರೆ ಋಣ. ರೇಡಿಯೊ, ಬ್ಯಾಟರಿ, ಕಾರು, ಮೀಟರು, ನಾನು ಜೀವಮಾನವೆಲ್ಲ ಮುಟ್ಟಿದ ಎಲ್ಲದರಲ್ಲೂ ಕೆಂಪು ಎಂದರೆ ಧನ. ಈ ವ್ಯತ್ಯಾಸ ನನಗೆ ತಿಳಿಯದೆ ಇರಲಿಲ್ಲ, ಬೇರೆಯವರಿಗೆ ಕಲಿಸಿದ್ದೆ. ಓದಿದ್ದು ತಲೆಯಲ್ಲಿತ್ತು, ಕೆಲಸ ಮಾಡಿದ್ದು ಕೈ.

ಒಂದೇ ತುದಿಯಲ್ಲಿ ತಿರುಗುಮುರುಗಾಗಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು: ಸಂವೇದಕದ ಮೇಲೆ ಹೆಬ್ಬೆರಳಿಟ್ಟರೆ ಅಳತೆ ಏರುವ ಬದಲು ಇಳಿಯುತ್ತಿತ್ತು. ಎರಡೂ ತುದಿಗಳಲ್ಲಿ ತಿರುಗಿದಾಗ ಒಂದು ತಪ್ಪು ಇನ್ನೊಂದನ್ನು ಮುಚ್ಚುತ್ತದೆ. ಇಡೀ ಯಂತ್ರ ಒಂದೇ ತಾಪದಲ್ಲಿರುವವರೆಗೆ ಎಲ್ಲ ಪರೀಕ್ಷೆಗಳೂ ಪಾಸಾಗುತ್ತವೆ. ನಡುವಿನ ಕೂಡಿಕೆ ತಣ್ಣಗಾದೊಡನೆ, ಅದು ಪೆಟ್ಟಿಗೆಗಿಂತ ಎಷ್ಟು ತಣ್ಣಗಿದೆಯೋ ಅದರ ಎರಡರಷ್ಟು ಡಿಗ್ರಿ ಅಳತೆಗೆ ಸೇರಿಕೊಳ್ಳುತ್ತದೆ. ಹಾಗಾಗಿ ಹಾರಾಟದಲ್ಲಿ ಮೂಗು ಮಿತಿ ಮುಟ್ಟುವ ಮೊದಲೇ ಅಳತೆ ಮುಟ್ಟಿತ್ತು. ಪಾರ್ಕ್ ರಾಯಲ್‌ನ ಬೆಚ್ಚಗಿನ ಶೆಡ್ಡಿನಲ್ಲಿ ಅದು ಎಂದೂ ಕಾಣುತ್ತಿರಲಿಲ್ಲ. ಮೂರು ಸಂವೇದಕಗಳೂ ಒಂದೇ ಸುಳ್ಳು ಹೇಳಿದ್ದು ಮೂರನ್ನೂ ಒಂದೇ ಕೈ ಹಚ್ಚಿದ್ದರಿಂದಲೇ. ಸಮಿತಿ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಕೈ ಯಾವುದೆಂಬುದು ಮಾತ್ರ ತಪ್ಪು.

ತಂತಿಗಳನ್ನು ಅದಲುಬದಲು ಮಾಡಿ ಹಚ್ಚಿದೆ. ಡ್ರೈ ಐಸಿನ ಹೊಗೆ ಮೇಜಿನಂಚಿನಿಂದ ಇಳಿಯುತ್ತಿತ್ತು. ಅಳತೆ ಇಪ್ಪತ್ತೊಂದು. ಅರ್ಧ ಗಂಟೆ ಕಳೆದರೂ ಇಪ್ಪತ್ತೊಂದೇ.

"ಅಲ್ಲೂ ನೀವ ಹಚ್ಚಿದ್ದೇನ್ರಿ, ವಿಮಾನದಾಗ?" ಎಂದಳು, ಗೊತ್ತಿದ್ದೂ.

"ನಾನ."

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಧ್ವನಿ ತಗ್ಗಿಸಿದಳು. "ಕಾಕಾ, ಒಂದ ಮಾತ ಹೇಳ್ತೀನಿ, ಸಿಟ್ಟ ಮಾಡಬ್ಯಾಡ್ರಿ. ಕನೆಕ್ಟರಿನ್ಯಾಗ ನೀರ ಹೊಕ್ಕಿತ್ತು ಅಂತ ಬರೀರಿ. ಚಳೀಗೆ ಅಳತಿ ಏರಿದ್ದು ಖರೇನ ಐತಲ್ಲ, ಕಾಗದ ತೋರಸ್ರಿ. ಅದು ಸಮುದ್ರದಾಗ ಐತಿ, ಯಾರ ತಗದ ನೋಡ್ತಾರ? ನಾನೂ ಉಳೀತೀನಿ, ನೀವೂ ಉಳೀತೀರಿ."

"ಆ ಕನೆಕ್ಟರ್ ಮಾಡಿದಾವ?"

"ಅವಂಗ ಇನ್ನೂ ನೂರ ಗಿರಾಕಿ ಅದಾವ." ಗಡಿಯಾರವನ್ನು ಮೇಜಿನ ಮೇಲಿಟ್ಟು ಅಂದಳು: "ನಿಮಗ ಈ ಕೆಲಸ ಬಿಟ್ರ ಮನ್ಯಾಗ ಏನೈತ್ರಿ?"

ಅದು ಚುಚ್ಚಲು ಆಡಿದ ಮಾತಲ್ಲ. ನಾನು ಊಟದ ಡಬ್ಬಿ ಬಿಚ್ಚಿ ಯಾರೊಂದಿಗೆ ಕೂರುತ್ತೇನೆಂದು ನೋಡಿದವಳು. ಅಂದು ರೈಲಿನಲ್ಲಿ ನಿಂತೇ ಹೋದೆ. ಹೇಳಿಕೊಳ್ಳಲು ಒಬ್ಬರಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇದ್ದ ಒಬ್ಬಳು ನನ್ನ ತಪ್ಪಿನ ದಂಡ ತೆರುತ್ತಿದ್ದವಳೇ. ಅವಳು ಕೊಟ್ಟ ದಾರಿಯನ್ನು ನಾನು ತಿರಸ್ಕಾರದಿಂದ ನೋಡಲಿಲ್ಲ. ಎರಡು ದಿನ ತೂಗಿದೆ. ಕೊನೆಗೆ ಅದನ್ನು ಬಿಡಿಸಿದ್ದು ಪುಣ್ಯಪಾಪದ ವಿಚಾರವಲ್ಲ. ತೇವದ ಕತೆ ಬರೆದರೆ ಮುಂದಿನ ಯಂತ್ರದ ಕನೆಕ್ಟರನ್ನು ಬದಲಿಸುತ್ತಾರೆ, ತಂತಿಗಳನ್ನು ಮುಟ್ಟುವುದಿಲ್ಲ. ಮುಂದಿನ ಯಂತ್ರ ಆಗಲೇ ಶೆಡ್ಡಿನ ಹಿಂಬದಿಯಲ್ಲಿ ಸಿದ್ಧವಾಗಿ ನಿಂತಿತ್ತು. ಅದಕ್ಕೂ ತಂತಿ ಹಚ್ಚಿದ್ದು ನಾನೇ, ಅದೇ ತಿಂಗಳಲ್ಲಿ, ಅದೇ ಸುರುಳಿಯಿಂದ. ಅದೂ ಹತ್ತೊಂಬತ್ತನೆಯ ಸೆಕೆಂಡಿಗೇ ಬೀಳುತ್ತದೆ. ಆಗ ಮತ್ತೆ ಅವಳ ಬೆಸುಗೆಯ ಕಡೆಗೇ ಬೆರಳು.

ನಿರ್ದೇಶಕರ ಕೊಠಡಿಗೆ ಹೋಗಿ ಪರೀಕ್ಷೆಯ ಕಾಗದಗಳನ್ನು ಮುಂದಿಟ್ಟೆ. ಅವರು ಎರಡು ಬಾರಿ ಓದಿದರು.

"ಇದು ನಿಮ್ಮ ಕಡೆಗೇ ಬರುತ್ತದೆ, ಗೊತ್ತಲ್ಲವೇ?"

"ಗೊತ್ತು."

"ಆದರೆ ಇದು ಮೇಜಿನ ಮೇಲಿನ ಮಾದರಿ. ಕಳೆದುಹೋದ ಯಂತ್ರದಲ್ಲಿ ಹೀಗೇ ಇತ್ತೆಂಬುದಕ್ಕೆ ಆಧಾರವೇನು? ದಾಖಲೆಯಲ್ಲಿ 'ಜೋಡಿಸಿದೆ, ಪರೀಕ್ಷಿಸಿದೆ' ಎಂದಷ್ಟೇ ಇದೆ. ನೀವು ಆ ಹೆಣ್ಣುಮಗಳ ಮೇಲಿನ ಕನಿಕರದಿಂದ ಹೀಗೆ ಹೇಳುತ್ತಿಲ್ಲವೆಂದು ಸಮಿತಿ ಹೇಗೆ ನಂಬಬೇಕು?"

ಎಲ್ಲ ಹೇಳಿಕೆಗಳಿಗೂ ಆಧಾರ ಕೇಳುತ್ತ ಬಂದವನಿಗೆ ಮೊದಲ ಬಾರಿ ತನ್ನ ಹೇಳಿಕೆಗೆ ಆಧಾರ ಕೊಡಬೇಕಾಯಿತು. ಅವರ ಪ್ರಶ್ನೆ ನ್ಯಾಯವಾಗಿತ್ತು. "ಹಿಂದಿರುವ ಯಂತ್ರವನ್ನು ಬಿಚ್ಚಿ" ಎಂದೆ.

ಅದರ ಮುಚ್ಚಳಗಳಿಗೆ ಮುದ್ರೆ ಬಿದ್ದಿತ್ತು. ಬಿಚ್ಚಿದರೆ ತಪಾಸಣೆಯೆಲ್ಲ ಮೊದಲಿನಿಂದ. ಸಾಗಾಟಕ್ಕೆ ಎಂಟು ದಿನ ಉಳಿದಿತ್ತು. ತಂತಿಗಳು ಸರಿಯಾಗಿದ್ದರೆ ನಾನು ಹುಂಬ, ಅವಳ ಪಾಲಿಗೆ ಎಲ್ಲ ಮುಗಿದಂತೆ. ನಿರ್ದೇಶಕರು ಒಂದು ದಿನ ತೆಗೆದುಕೊಂಡರು. ಶುಕ್ರವಾರ ಬೆಳಿಗ್ಗೆ, "ಬಿಚ್ಚಿ. ಆದರೆ ನೀವು ಮುಟ್ಟಬೇಡಿ" ಎಂದರು.

ಯಂತ್ರದ ಸುತ್ತ ನೆಲದ ಮೇಲೆ ಎಳೆದ ಗೆರೆಯಾಚೆ ನಿಂತು ನೋಡಿದೆ. ನನ್ನ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡೆ. ಹದಿನಾರು ತಿರುಪು. ನಿರ್ದೇಶಕರೇ ಟಾರ್ಚ್ ಹಿಡಿದು ಒಳಗೆ ಬಗ್ಗಿದರು. ಬೆಂಗಳೂರಿನ ಇಂಜಿನಿಯರ್ ಕ್ಯಾಮೆರಾ ಹಿಡಿದಿದ್ದರು. ಅವಳು ನನ್ನಿಂದ ಎರಡು ಹೆಜ್ಜೆ ದೂರ ನಿಂತಿದ್ದಳು. ತಂತಿ ತಿರುಗಿರಲಿ ಎಂದು ನಾನು ಬೇಡುತ್ತಿದ್ದೆ, ನನ್ನ ಕೆಲಸ ಕೆಟ್ಟಿರಲಿ ಎಂದು. ಅಂಥ ಪ್ರಾರ್ಥನೆಯನ್ನು ಅದಕ್ಕೆ ಮೊದಲು ಮಾಡಿರಲಿಲ್ಲ.

"ಮೊದಲನೆಯದು, ಕೆಂಪು ಧನದಲ್ಲಿದೆ" ಎಂದರು ನಿರ್ದೇಶಕರು. "ಎರಡನೆಯದೂ." ಟಾರ್ಚ್ ಸರಿಸಿ, "ಮೂರೂ." ಪೆಟ್ಟಿಗೆಯ ತುದಿಗೆ ಹೋಗಿ ಅಲ್ಲಿಯೂ ನೋಡಿದರು. ಹೊರಬಂದು ಟಾರ್ಚ್ ಆರಿಸಿದರು. ಯಾರೂ ನನ್ನ ಕಡೆ ನೋಡಲಿಲ್ಲ; ಅದು ಅವರ ಮರ್ಯಾದೆ ಇರಬಹುದು.

"ಸರ್," ಎಂದರು ಇಂಜಿನಿಯರ್, ಕ್ಯಾಮೆರಾ ಕೆಳಗಿಳಿಸಿ, "ಇನ್ಮೇಲೆ ದಿನಕ್ಕೆ ಎರಡು ಸಲ ಫೋನ್ ಮಾಡ್ಬಹುದು ನೀವು."

ಎರಡನೆಯ ಸಭೆಯಲ್ಲಿ ಅವಳ ಸಹಿಯ ಅಧಿಕಾರ ಮರಳಿತು. ನನ್ನದನ್ನು ತೆಗೆದರು. ನ್ಯಾಯವೇ. ಈಗ ನಾನು ಹಚ್ಚಿದ ಪ್ರತಿ ತಂತಿಯನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ, ಎಲ್ಲ ಸಂವೇದಕಗಳೂ ಡ್ರೈ ಐಸಿನ ಪರೀಕ್ಷೆ ದಾಟಿಯೇ ಒಳಗೆ ಹೋಗುತ್ತವೆ. ಅವಳು ಮೊದಲಿನಂತೆ "ಕಾಕಾ" ಎನ್ನುತ್ತಾಳೆ. ಆದರೆ ಮೊದಲಿನ ತಮಾಷೆ ಇಲ್ಲ. ನಾನು ತಪ್ಪೊಪ್ಪಿಕೊಂಡದ್ದು ಅವಳಿಗಾಗಿ ಎಂದು ಶೆಡ್ಡಿನಲ್ಲಿ ಕೆಲವರು ಹೇಳಿದರು. ಆ ಋಣ ಅವಳ ತಲೆಯ ಮೇಲೆ ಕೂತಿದೆ. ಇಲ್ಲದ ಋಣವದು. ಎಷ್ಟು ಹೇಳಿದರೂ ಇಳಿಸಿಕೊಳ್ಳಲೊಲ್ಲಳು. ಮಧ್ಯಾಹ್ನದ ಡಬ್ಬಿಯನ್ನು ಈಗಲೂ ಒಬ್ಬನೇ ಬಿಚ್ಚುತ್ತೇನೆ.

ವರದಿಯ ಮೊದಲ ಪುಟವನ್ನು ಅವರು ಬದಲಿಸಲಿಲ್ಲ. ಅಷ್ಟರಲ್ಲಿ ಅದನ್ನು ಹಂಚಿ ಆಗಿತ್ತು. ಹಂಚಿದ್ದನ್ನು ತಿದ್ದುವ ಪದ್ಧತಿ ಇಲ್ಲವಂತೆ, ಕೊನೆಗೆ ಸೇರಿಸುವ ಪದ್ಧತಿ ಮಾತ್ರ. ಆದ್ದರಿಂದ ನಾನು ಹೇಳಿದ್ದನ್ನು ನಂಬಬೇಕಿಲ್ಲ. ವರದಿಯ ಪ್ರತಿಯೊಂದು ನಮ್ಮ ಶೆಡ್ಡಿನ ಸ್ವಾಗತದ ಮೇಜಿನ ಹಿಂದಿನ ಕಪಾಟಿನಲ್ಲಿದೆ, ಕೇಳಿದವರಿಗೆ ತೋರಿಸುತ್ತಾರೆ. ಕೊನೆಯ ಹಾಳೆಗೆ ಹೋಗಿ. ಮೇಲೆ ಆ ಶುಕ್ರವಾರದ ಚಿತ್ರಗಳು, ಮೂರು ಕೆಂಪು ತಂತಿಗಳು ಸ್ಪಷ್ಟವಾಗಿ ಕಾಣುತ್ತವೆ. ಕೆಳಗೆ ಎರಡು ಸಾಲು. "ಬೆಸುಗೆ: ದೋಷವಿಲ್ಲ" ಎಂಬುದರ ಎದುರು ನಿರ್ದೇಶಕರ ಸಹಿ. "ತಂತಿ ಜೋಡಣೆ: ಎರಡೂ ತುದಿಗಳಲ್ಲಿ ತಿರುಗುಮುರುಗು" ಎಂಬುದರ ಎದುರು, ಜೋಡಿಸಿದವರು ಎಂಬಲ್ಲಿ, ಕನ್ನಡದಲ್ಲಿ ಒಂದು ಸಹಿ ಇದೆ. ಅದು ನನ್ನದು.